ತಾರಸಿ ಸೋಲಾರ್: ಎಐ ಕೈಲಿ ಲೆಕ್ಕ ಮಾಡಿಸುವುದು ಹೇಗೆ?

"ಮನೆಗೆ ಎಷ್ಟು ಕಿಲೋವ್ಯಾಟ್ ಸೋಲಾರ್ ಬೇಕು?" ಎಂದು ಎಐ ಚಾಟ್‌ಬಾಟ್‌ಗೆ ಒಂದೇ ಸಾಲು ಕೇಳಿ, ಬಂದ ಉತ್ತರ ನಂಬಿ ಮುಂಗಡ ಕೊಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಲೆಕ್ಕದಲ್ಲಿ ಅದು ಚುರುಕು, ನಿಜ. ಆದರೆ ನಿಮ್ಮ ತಾರಸಿ ಹತ್ತಿ ನೋಡಿಲ್ಲ, ಅಲ್ವಾ?

ಹಂತ 1: 12 ತಿಂಗಳ ಕರೆಂಟ್ ಬಿಲ್ ಜೋಡಿಸಿಕೊಳ್ಳಿ. ಫೋಟೊ ಹಾಕುವ ಮುಂಚೆ ಹೆಸರು, ಆರ್‌ಆರ್ ನಂಬರ್ ಮುಚ್ಚಿ.

ಹಂತ 2: ಯೂನಿಟ್ ದರವನ್ನು ನೀವೇ ಹೇಳಿ. ಕರ್ನಾಟಕದಲ್ಲಿ ತಿಂಗಳಿಗೆ 100 ಯೂನಿಟ್ ಮೀರಿದ ಮನೆಗಳಿಗೆ ಇದ್ದ 7 ರೂಪಾಯಿ ದರ 2024ರ ಏಪ್ರಿಲ್‌ನಲ್ಲಿ 5.90ಕ್ಕೆ ಇಳಿಯಿತು. ಎಐ ಹಳೆಯ ದರ ಹಿಡಿದರೆ ಉಳಿತಾಯ ಸುಮ್ನೆ ಉಬ್ಬುತ್ತದೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಅದನ್ನೂ ತಿಳಿಸಿ. ಇಲ್ಲದಿದ್ದರೆ ನೀವು ಕಟ್ಟದ ದುಡ್ಡನ್ನೂ ಉಳಿಸಿ ತೋರಿಸುತ್ತದೆ.

ಹಂತ 3: ನೆರಳು. ಎಲ್ಲರೂ ಎಡವುವುದು ಇಲ್ಲೇ.

ಏಪ್ರಿಲ್ ಬಿಸಿಲಲ್ಲಿ ತಾರಸಿ ನೋಡಿ "ನೆರಳೇ ಇಲ್ಲ" ಅನ್ನುತ್ತಾರೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ 6 ಅಡಿ ಎತ್ತರದ ನೀರಿನ ಟ್ಯಾಂಕ್‌ನ ನೆರಳು ನಡುಮಧ್ಯಾಹ್ನವೇ ನಾಲ್ಕೂವರೆ ಅಡಿ ಚಾಚುತ್ತದೆ. ಬೆಳಿಗ್ಗೆ 9ಕ್ಕೆ 9 ಅಡಿಗೂ ಜಾಸ್ತಿ. ಒಂದರ ಹಿಂದೊಂದು ಒಂದೇ ವೈರಿನ ಸಾಲಿಗೆ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಉಳಿದವುಗಳ ಉತ್ಪಾದನೆ ಕುಗ್ಗಬಹುದು.

ಹಾಗಾಗಿ ಟೇಪ್ ಹಿಡಿದು ತಾರಸಿಗೆ ಹೋಗಿ. ಟ್ಯಾಂಕ್, ಮೆಟ್ಟಿಲ ಕೋಣೆ, ಪಕ್ಕದ ಮನೆಯ ಗೋಡೆ, ತೆಂಗಿನ ಮರ, ಎಲ್ಲದರ ಎತ್ತರ, ದಿಕ್ಕು, ದೂರ ಬರೆದುಕೊಳ್ಳಿ. ಊರಿನ ಹೆಸರಿನ ಜೊತೆ ಎಐಗೆ ಕೊಟ್ಟು, "ಡಿಸೆಂಬರ್ 21 ಮತ್ತು ಜೂನ್ 21ರಂದು 9, 12, 3 ಗಂಟೆಗೆ ನೆರಳು ಯಾವ ಕಡೆಗೆ, ಎಷ್ಟು ಉದ್ದ?" ಎಂದು ಕೇಳಿ. ಜೂನ್ ಯಾಕೆ ಅಂದರೆ, ಆಗ ನಮ್ಮ ಸೂರ್ಯ ಉತ್ತರಕ್ಕಿರುತ್ತಾನೆ. ಉತ್ತರದ ಮರವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀವು ತಾರಸಿಗೆ ಹೋದ ದಿನದ ನೆರಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದೇ ದಿನ, ಅದೇ ಹೊತ್ತಿನ ನೆರಳನ್ನು ಎಐಗೂ ಕೇಳಿ ತಾಳೆ ನೋಡಿ. ತಾಳೆಯಾಗದಿದ್ದರೆ ಗೆರೆಯನ್ನೇ ನಂಬಿ. ನೆರಳಲ್ಲಿ ಆರು ಪ್ಯಾನೆಲ್ ಹಾಕುವುದಕ್ಕಿಂತ ಬಿಸಿಲಲ್ಲಿ ಐದೇ ಸಾಕು.

ಉಪಗ್ರಹ ಚಿತ್ರ ನೋಡಿ ಒಂದೇ ನಿಮಿಷದಲ್ಲಿ ವರದಿ ಕೊಡುತ್ತೇವೆ ಎನ್ನುವ ಕೆಲವು ಆ್ಯಪ್‌ಗಳಿವೆ. ಹೋದ ವರ್ಷ ಎದ್ದ ಪಕ್ಕದ ಕಟ್ಟಡ ಅವುಗಳ ಹಳೆಯ ಚಿತ್ರದಲ್ಲಿ ಇರುವುದಿಲ್ಲ. ಫೋನ್ ನಂಬರ್ ಕೊಟ್ಟಿರೋ, ವೆಂಡರ್‌ಗಳ ಕರೆ ಶುರು.

ಹಂತ 4: ಈಗ ಕಿಲೋವ್ಯಾಟ್ ಕೇಳಿ. ನಮ್ಮ ಕಡೆ 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್, ಜಾಗ ಸುಮಾರು 100 ಚದರಡಿ. ಎಐ 6 ಯೂನಿಟ್ ಅಂದರೆ ಮತ್ತೆ ಲೆಕ್ಕ ಮಾಡಿಸಿ.

ಹಂತ 5: ವೆಂಡರ್‌ಗಳ ಕೊಟೇಶನ್‌ಗಳನ್ನು ಎಐಗೆ ಕೊಟ್ಟು ಹೋಲಿಸಿ. ಈ ಕೆಲಸ ಅದಕ್ಕೆ ಚೆನ್ನಾಗಿ ಬರುತ್ತದೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ, ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಭಾರತದಲ್ಲೇ ತಯಾರಾದ ಡಿಸಿಆರ್ ಪ್ಯಾನೆಲ್ ಅಲ್ಲದಿದ್ದರೆ ಅದೂ ಸಿಗುವುದಿಲ್ಲ. "ಎಐ ಇನ್ವರ್ಟರ್" ಎಂಬ ಸ್ಟಿಕ್ಕರ್‌ಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ಬ್ಯಾಟರಿ ಇಲ್ಲದೆ ನೇರ ಕರೆಂಟ್ ಲೈನಿಗೆ ಜೋಡಿಸುವ ಆನ್‌ಗ್ರಿಡ್ ಇನ್ವರ್ಟರ್ ಆದರೆ, ಕರೆಂಟ್ ಹೋದಾಗ ಅದೂ ಆಫ್ ಆಗುತ್ತದೆ. ವೆಂಡರ್ ಇದನ್ನು ಹೇಳದಿದ್ದರೆ ನೀವೇ ಕೇಳಿ.