ತಣ್ಣಗಾದ ಪ್ರಾರ್ಥನೆಗೆ ಒಂದು ತಿಂಗಳು ಕೀರ್ತನೆಗಳು

ಪ್ರಾರ್ಥನೆ ಬರೀ ಬಾಯಿಪಾಠ ಅನ್ನಿಸತೊಡಗಿದೆಯೇ? ಮೊದಲಿನ ಪ್ರೀತಿ ಬಿಟ್ಟ ಎಫೆಸ ಪಟ್ಟಣದ ಕ್ರೈಸ್ತ ಸಭೆಗೆ ಕ್ರಿಸ್ತನು ಹೇಳಿದ್ದು ಮೂರೇ (ಬೈಬಲಿನ ಪ್ರಕಟನೆ 2:5): ಎಲ್ಲಿಂದ ಬಿದ್ದೆ ಎಂದು ನೆನೆ, ತಿರುಗಿಕೋ, ಮೊದಲು ಮಾಡುತ್ತಿದ್ದುದನ್ನು ಮಾಡು. ಭಾವನೆ ಬರಲಿ ಎಂದು ಕಾಯಬೇಡಿ.

ಬೈಬಲಿನ ಕೀರ್ತನೆಗಳು 150. ದಿನಕ್ಕೆ ಐದು ಓದಿ. 176 ವಚನಗಳ 119ನೆಯದಕ್ಕೆ ಒಂದು ದಿನ ಪ್ರತ್ಯೇಕವಾಗಿಡಿ. ಗಟ್ಟಿಯಾಗಿಯೇ ಓದಬೇಕು, ಮನಸ್ಸಿನಲ್ಲಿ ಓದಿದರೆ ಕಣ್ಣು ಜಾರಿಹೋಗುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಒಂದು ವಚನ ಎದೆಗೆ ತಾಕಿತೋ, ಅಲ್ಲೇ ನಿಂತು ಅದನ್ನೇ ನಿಮ್ಮ ಮಾತಿನಲ್ಲಿ ದೇವರಿಗೆ ಹೇಳಿ.

42 ಮತ್ತು 43ನ್ನು ಒಟ್ಟಿಗೆ ಓದಿ ನೋಡಿ. ಯಾಕೆ ಕುಗ್ಗಿದ್ದೀ ಎಂದು ಕವಿ ತನ್ನ ಮನಸ್ಸನ್ನೇ ಮೂರು ಸಲ ಕೇಳುತ್ತಾನೆ. ಒಂದೇ ಸಲಕ್ಕೆ ಮನಸ್ಸು ಏಳುವುದಿಲ್ಲ, ಅದು ಸೋಲಲ್ಲ.

ಎಡವುವುದು ಸಾಮಾನ್ಯವಾಗಿ ಇಲ್ಲಿ: ಮೊದಲ ದಿನವೇ ಒಂದು ಗಂಟೆ ಕೂತು, ನಾಲ್ಕನೇ ದಿನ ಬಿಡುವುದು. 20 ನಿಮಿಷ ಸಾಕು. ಯಾರೊಂದಿಗಾದರೂ ಮುನಿಸಿದ್ದರೆ ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಿ (ಮತ್ತಾಯ 5:24). ಮುಚ್ಚಿಟ್ಟ ಪಾಪ ಚುಚ್ಚುತ್ತಿದ್ದರೆ 51ನ್ನು ಮೊಣಕಾಲೂರಿ ಓದಿ. 88ನ್ನು ಮಾತ್ರ ಹಾರಿಸಬೇಡಿ: ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ.