ಒಟ್ಟೆ ಮುಚ್ಚಿ ಇಪ್ಪತ್ತು ವರ್ಷವಾದ ಮೇಲೆ

ಹುಟ್ಟುವಾಗಲೇ ಹೃದಯದಲ್ಲಿ ದೋಷವಿದ್ದು, ಸಣ್ಣ ಪ್ರಾಯದಲ್ಲಿ ಆಪರೇಷನ್ ಆಗಿ, ಈಗ ದೊಡ್ಡವರಾದವರನ್ನು ಮಂಗಳೂರಿನಲ್ಲಿ ನಾನು ನೋಡುವ ಕ್ರಮ ಇದು. ನಮ್ಮ ಕಡೆಯವರು ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳುತ್ತಾರೆ: "ಹಾರ್ಟಿನಲ್ಲಿ ಒಟ್ಟೆ ಇತ್ತು, ಮುಚ್ಚಿದ್ದಾರೆ." ಮುಚ್ಚಿದ್ದು ನಿಜ. ಆದರೆ ಅದು ಯಾವ ಒಟ್ಟೆ, ಮುಚ್ಚುವಾಗ ಯಾವ ಕವಾಟಕ್ಕೆ ಕತ್ತರಿ ಹಾಕಬೇಕಾಯಿತು ಎಂಬುದರ ಮೇಲೆ ಅವರ ಮುಂದಿನ ನಲವತ್ತು ವರ್ಷ ನಿಂತಿದೆ.

ತಪಾಸಣೆ ತಪ್ಪಿಹೋಗುವುದು ಹೆಚ್ಚಾಗಿ 18ನೇ ವರ್ಷದಲ್ಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನೆರವು ಅಲ್ಲಿಗೆ ಮುಗಿಯುತ್ತದೆ, ಮಕ್ಕಳ ಡಾಕ್ಟರು ಇನ್ನು ದೊಡ್ಡವರ ಡಾಕ್ಟರಿಗೆ ತೋರಿಸಿ ಎನ್ನುತ್ತಾರೆ, ಕೆಲಸಕ್ಕೆಂದು ಬೆಂಗಳೂರಿಗೋ ಗಲ್ಫಿಗೋ ಹೋಗುವುದಾಗುತ್ತದೆ. ಫೈಲು ಕಪಾಟಿನ ಮೇಲೆ ಸೇರುತ್ತದೆ. ಮತ್ತೆ ಬರುವುದು ಎದೆ ಡವಗುಟ್ಟಿದಾಗ, ಇಲ್ಲವೇ ಐದು ತಿಂಗಳ ಬಸುರಿಯಾದಾಗ.

ಹಾಗಾಗಿ ನಾನು ಮೊದಲು ಕೇಳುವುದು ಆ ಹಳೆ ಕಾಗದ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಳೆಗಾಲದ ತೇವ ಹಿಡಿದು ಅಂಟಿಕೊಂಡದ್ದಾದರೂ ತರಬೇಕು. ಒಳರೋಗಿಯ ದಾಖಲೆಯನ್ನು ಆಸ್ಪತ್ರೆ ಇಟ್ಟುಕೊಳ್ಳಬೇಕಾದದ್ದು 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ 3 ವರ್ಷ ಮಾತ್ರ. ಆಮೇಲೆ ನಿಮ್ಮ ಕೈಯ ಪ್ರತಿಯೇ ಗತಿ. ಇಸಿಜಿ ಕಾಗದ ಬಿಸಿಗೆ ಕಪ್ಪಾಗುವ ಜಾತಿಯದು: ಲ್ಯಾಮಿನೇಷನ್ ಮಾಡಿಸಿದರೆ ಪೂರ್ತಿ ಕಪ್ಪು, ಹಾಗೇ ಬಿಟ್ಟರೆ ಕೆಲವು ವರ್ಷದಲ್ಲಿ ಬಿಳಿ. ತೆಗೆದ ದಿನವೇ ಮೊಬೈಲಿನಲ್ಲಿ ಫೋಟೋ ಹಿಡಿದು ಮನೆಯ ಇಬ್ಬರಿಗೆ ಕಳಿಸಿಡಿ.

ಕಾಗದವೇ ಇಲ್ಲದಿದ್ದರೆ ಗಾಯದ ಗೆರೆ ಓದುತ್ತೇನೆ. ಎದೆಯ ನಡುವಿನ ಗೆರೆ ಎಂದರೆ ಹೆಚ್ಚಾಗಿ ಹೃದಯ ತೆರೆದು ಮಾಡಿದ ಆಪರೇಷನ್. ಬೆನ್ನಿನ ಬದಿಯಿಂದ ಪಕ್ಕೆಲುಬಿನಡಿ ಬಂದ ಗೆರೆ ಎಂದರೆ ಮಹಾಧಮನಿಯ ಕಿರಿದಾದ ಭಾಗ ಸರಿಪಡಿಸಿದ್ದು, ಡಕ್ಟಸ್ (ಮಹಾಧಮನಿಗೂ ಶ್ವಾಸಕೋಶದ ರಕ್ತನಾಳಕ್ಕೂ ನಡುವೆ ಇದ್ದು, ಹುಟ್ಟಿದ ಮೇಲೆ ಮುಚ್ಚಬೇಕಾದ ದಾರಿ) ಕಟ್ಟಿದ್ದು, ಅಥವಾ ಬ್ಲಾಲಾಕ್-ಟಾಸಿಗ್ ಶಂಟ್, ಅಂದರೆ ಶ್ವಾಸಕೋಶಕ್ಕೆ ರಕ್ತ ಹೆಚ್ಚಿಸಲು ಮಾಡಿಕೊಟ್ಟ ಅಡ್ಡದಾರಿ. ಹಳೆ ಕ್ರಮದ ಶಂಟ್‌ನಲ್ಲಿ ತೋಳಿಗೆ ಹೋಗುವ ರಕ್ತನಾಳವನ್ನೇ ಕತ್ತರಿಸಿ ಶ್ವಾಸಕೋಶದ ಕಡೆಗೆ ತಿರುಗಿಸುತ್ತಿದ್ದರು. ಆ ಕೈಯಲ್ಲಿ ಬಿ.ಪಿ. ನೋಡಿದರೆ ಸುಳ್ಳು ಲೆಕ್ಕ ಸಿಗುತ್ತದೆ. ಎರಡೂ ಕೈ, ಒಂದು ಕಾಲು: ಮೊದಲ ಸಲ ಮೂರೂ ಕಡೆ ಅಳೆಯದೆ ಬಿಡುವುದಿಲ್ಲ.

ಆಕ್ಸಿಜನ್ ನೋಡುವುದು ಐದು ನಿಮಿಷ ಕೂರಿಸಿದ ಮೇಲೆ, ಬಲಗೈ ಬೆರಳಿನಲ್ಲಿ ಮತ್ತು ಕಾಲಿನ ಬೆರಳಿನಲ್ಲಿ. ನೇಲ್ ಪಾಲಿಶ್ ಇದ್ದರೆ ಒರೆಸಿಸಿ. ಕೈಯಲ್ಲಿ 95, ಕಾಲಿನಲ್ಲಿ 85 ಬಂದರೆ ಯಂತ್ರವನ್ನು ದೂರಬೇಡಿ. ಮುಚ್ಚದೆ ಉಳಿದ ಡಕ್ಟಸ್‌ನಲ್ಲಿ ರಕ್ತ ತಿರುಗುಮುರುಗಾಗಿ ಹರಿಯುತ್ತಿದೆ ಎಂದೇ ಮೊದಲು ಸಂಶಯಪಡಬೇಕು.

"ಬಚ್ಚುತ್ತದಾ?" (ಸುಸ್ತಾಗುತ್ತದಾ) ಎಂದು ಕೇಳಿದರೆ "ಇಲ್ಲ ಡಾಕ್ಟ್ರೇ" ಎಂಬ ಉತ್ತರ ಖಚಿತ. ಹುಟ್ಟಿದಂದಿನಿಂದ ಅದೇ ಶಕ್ತಿಯಲ್ಲಿ ಬದುಕಿದವರಿಗೆ ಹೋಲಿಸಲು ಬೇರೆ ದೇಹವಿಲ್ಲ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ನಡೆದು ಹತ್ತುವಾಗ ಎಷ್ಟು ಕಡೆ ನಿಲ್ಲುತ್ತೀರಿ? ತೋಟದಿಂದ ಮನೆಗೆ ಮೆಟ್ಟಿಲು ಹತ್ತುವಾಗ ಹೋದ ವರ್ಷ ನಿಲ್ಲದ ಜಾಗದಲ್ಲಿ ಈ ವರ್ಷ ನಿಲ್ಲುತ್ತೀರಾ? ಹೀಗೆ ಕೇಳಿದಾಗ ನಿಜ ಹೊರಬರುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಫ್ಯಾಲೋ ಆಪರೇಷನ್ ಆದವರಿಗೆ. ಈ ನಾಲ್ಕು ದೋಷಗಳ ಕಾಯಿಲೆಯನ್ನು ಫ್ರಾನ್ಸಿನ ಫ್ಯಾಲೋ ವಿವರಿಸಿದ್ದು 1888ರಲ್ಲಿ, ಅಮೆರಿಕದ ಲಿಲಿಹೈ ಪೂರ್ತಿ ಸರಿಪಡಿಸಿದ್ದು 1954ರಲ್ಲಿ. ಮೇಯೋ ಕ್ಲಿನಿಕ್ 1993ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆಪರೇಷನ್ ಆಗಿ 32 ವರ್ಷಕ್ಕೆ ಬದುಕುಳಿದವರು ಶೇಕಡಾ 86. ಒಳ್ಳೆಯ ಫಲಿತಾಂಶವೇ. ಆದರೆ ಶ್ವಾಸಕೋಶದ ದಾರಿ ಅಗಲ ಮಾಡಲು ಕವಾಟದ ಬುಡ ದಾಟಿ ಪ್ಯಾಚ್ ಹಾಕಿದ್ದರೆ ಆ ಕವಾಟ ಮುಚ್ಚುವುದೇ ಇಲ್ಲ. ಪ್ರತಿ ಬಡಿತಕ್ಕೂ ಸ್ವಲ್ಪ ರಕ್ತ ಹಿಂದೆ ಬರುತ್ತದೆ, ಬಲ ಕುಹರ (ಹೃದಯದ ಬಲಗಡೆಯ ಕೆಳಕೋಣೆ) ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ, ರೋಗಿಗೆ ಏನೂ ಗೊತ್ತಾಗುವುದಿಲ್ಲ.

ಎಕೋ ಎಂಬ ಹೃದಯದ ಸ್ಕ್ಯಾನಿನಲ್ಲಿ ಇದು ತಪ್ಪಿಹೋಗುವುದಕ್ಕೆ ಕಾರಣವಿದೆ. ಕವಾಟ ಪೂರ್ತಿ ತೆರೆದೇ ಇದ್ದರೆ ಹಿಂದೆ ಬರುವ ರಕ್ತ ನಿಧಾನವಾಗಿ, ಸುಳಿಯಿಲ್ಲದೆ ಬರುತ್ತದೆ. ಬಣ್ಣದ ಚಿತ್ರದಲ್ಲಿ ಅಬ್ಬರ ಕಾಣದ್ದರಿಂದ "ಮೈಲ್ಡ್" ಎಂದು ಬರೆದುಬಿಡುವುದುಂಟು. ಆ ರಕ್ತ ಹೃದಯ ಸಡಿಲವಾಗಿರುವ ಹೊತ್ತಿನ ಮಧ್ಯದಲ್ಲೇ ನಿಂತುಹೋಗುತ್ತಿದ್ದರೆ ಸೋರಿಕೆ ಜೋರಾಗಿದೆ ಎಂದೇ ತಿಳಿಯಬೇಕು. ಬಲ ಕುಹರದ ಗಾತ್ರಕ್ಕೆ ಎಂಆರ್‌ಐ ಬೇಕು. ಎದೆಮೂಳೆಗೆ ಹಾಕಿದ ತಂತಿಯಿಂದ ಅದಕ್ಕೆ ಅಡ್ಡಿಯಿಲ್ಲ. ಪೇಸ್‌ಮೇಕರ್ ಇದ್ದರೆ ಮಾತ್ರ ಮೊದಲೇ ಹೇಳಿ.

ಎಂಆರ್‌ಐ ವರದಿ ಕೈಗೆ ಬಂದಾಗ ಲೆಕ್ಕ ನಾನೇ ಇನ್ನೊಮ್ಮೆ ಹಾಕುತ್ತೇನೆ. ಎತ್ತರವನ್ನು ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮೈಯ ವಿಸ್ತೀರ್ಣ. 160 ಸೆಂ.ಮೀ., 50 ಕಿಲೋ ಇದ್ದವರಿಗೆ 1.49 ಚದರ ಮೀಟರ್. ತುಂಬಿದಾಗ ಬಲ ಕುಹರ 240 ಮಿ.ಲೀ. ಇದ್ದರೆ, ಚದರ ಮೀಟರಿಗೆ 161. ಯುರೋಪಿನ 2020ರ ಮಾರ್ಗಸೂಚಿಯ ಪ್ರಕಾರ ಸೋರಿಕೆ ಜೋರಾಗಿದ್ದು ಈ ಸಂಖ್ಯೆ 160 ಮುಟ್ಟಿದರೆ, ಅಥವಾ ಕುಗ್ಗಿದಾಗಿನದ್ದು 80 ಮುಟ್ಟಿದರೆ, ತೊಂದರೆ ಕಾಣದಿದ್ದರೂ ಹೊಸ ಕವಾಟದ ಮಾತು ಎತ್ತಬೇಕು. ಹಳೆ ತೂಕ ಬರೆದರೆ ಇಡೀ ಲೆಕ್ಕ ಕೆಡುತ್ತದೆ. ಅವಸರ ಮಾಡಿದರೂ ಕಷ್ಟ: ಜೈವಿಕ ಕವಾಟವೂ ಸವೆಯುವಂಥದ್ದು, ಇನ್ನೊಂದು ಆಪರೇಷನ್ನಿನ ದಾರಿ ಬೇಗ ತೆರೆಯುತ್ತದೆ.

ಇವರ ಇಸಿಜಿಯಲ್ಲಿ ಕುಹರದ ಬಡಿತ ತೋರುವ ಕ್ಯುಆರ್‌ಎಸ್ ಅಗಲವನ್ನು ಪ್ರತಿ ವರ್ಷ ಬರೆದಿಡುತ್ತೇನೆ. ಮಾಮೂಲಿ ವೇಗದಲ್ಲಿ ಒಂದು ಸಣ್ಣ ಚೌಕ 40 ಮಿಲಿಸೆಕೆಂಡ್. ನಾಲ್ಕೂವರೆ ಚೌಕ, ಅಂದರೆ 180 ಮುಟ್ಟಿದರೆ ಅಪಾಯಕಾರಿ ಬಡಿತ ಶುರುವಾಗುವ ಸಾಧ್ಯತೆ ಹೆಚ್ಚು. ತಲೆ ತಿರುಗಿ ಬಿದ್ದದ್ದು ಒಂದೇ ಸಲವಾದರೂ ಮುಚ್ಚಿಡಬೇಡಿ.

ಬಡಿತದ ವಿಷಯದಲ್ಲಿ ಇನ್ನೊಂದು ಮೋಸವಿದೆ. ಹೊಲಿಗೆಯ ಗಾಯದ ಸುತ್ತ ಸುತ್ತುವ ಫ್ಲಟರ್ ಎಂಬ ತಪ್ಪು ಬಡಿತ ಈ ಹೃದಯಗಳಲ್ಲಿ ನಿಧಾನವಿರಬಹುದು. ನಾಡಿ 120 ಇರುತ್ತದೆ, ಟೆನ್ಷನ್ ಎಂದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಮಲಗಿದರೂ ಎದ್ದರೂ ನಡೆದರೂ ಅದೇ 120 ಇದ್ದರೆ ಅದು ಟೆನ್ಷನ್ ಆಗಿರಲಾರದು. ಒಂದೇ ಕುಹರದ ಹೃದಯಕ್ಕೆ, ಕೆಟ್ಟ ರಕ್ತವನ್ನು ನೇರ ಶ್ವಾಸಕೋಶಕ್ಕೆ ತಿರುಗಿಸುವ ಫಾಂಟಾನ್ ಆಪರೇಷನ್ ಆದವರಲ್ಲಿ ಇಂಥದ್ದನ್ನು ನಾಳೆಗೆ ದೂಡಬಾರದು. ಅದೇ ಫಾಂಟಾನ್‌ನವರಿಗೆ ಲಿವರ್‌ನ ಸ್ಕ್ಯಾನ್ ಮತ್ತು ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಪರೀಕ್ಷೆ ತಪ್ಪಬಾರದು. ಕಾಲು ಊದಿ, ಭೇದಿಯೂ ನಿಲ್ಲದಿದ್ದರೆ ಕರುಳಿನಿಂದ ಪ್ರೋಟೀನ್ ಸೋರುತ್ತಿರಬಹುದು.

ತುಟಿ ನೀಲಿಯಾಗಿಯೇ ಇರುವವರಲ್ಲಿ ಹಿಮೋಗ್ಲೋಬಿನ್ 20 ಕಂಡು ಗಾಬರಿಯಿಂದ ರಕ್ತ ತೆಗೆಸುವುದು ದೊಡ್ಡ ತಪ್ಪು. ಆಕ್ಸಿಜನ್ ಕಡಿಮೆ ಇರುವ ದೇಹ ಬೇಕೆಂದೇ ಅಷ್ಟು ರಕ್ತ ಮಾಡಿಕೊಂಡಿದೆ. ಪದೇ ಪದೇ ತೆಗೆದರೆ ಕಬ್ಬಿಣ ಖಾಲಿಯಾಗುತ್ತದೆ, ಹಾಗಾಗಿ ಕಬ್ಬಿಣದ ದಾಸ್ತಾನು ತೋರುವ ಫೆರಿಟಿನ್ ನೋಡಬೇಕು. ಇಂಥವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಲೆಕ್ಕ) ಕೂಡ ಸುಳ್ಳು ಬರುತ್ತದೆ. ಹಿಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 55 ದಾಟಿದರೆ ಪ್ಲಾಸ್ಮಾ (ರಕ್ತದ ನೀರಿನ ಭಾಗ) ಕಡಿಮೆ, ಹೆಪ್ಪುಗಟ್ಟದಿರಲು ಟ್ಯೂಬಿಗೆ ಹಾಕಿದ ಸಿಟ್ರೇಟ್ ಅದಕ್ಕೆ ಹೆಚ್ಚಾಗಿ, ಐಎನ್‌ಆರ್ ಇರುವುದಕ್ಕಿಂತ ಮೇಲೆ ತೋರುತ್ತದೆ. 65 ಇದ್ದರೆ 2.7 ಮಿ.ಲೀ. ರಕ್ತಕ್ಕೆ 0.3 ಬದಲು ಸುಮಾರು 0.17 ಮಿ.ಲೀ. ಸಿಟ್ರೇಟ್ ಸಾಕು. ಲ್ಯಾಬಿಗೆ ಮೊದಲೇ ಫೋನ್ ಮಾಡಿ ಹೇಳಿ. ಡ್ರಿಪ್ ಹಾಕುವಾಗ ನಳಿಕೆಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು, ಅದು ನೇರ ಮೆದುಳಿಗೆ ಹೋಗಬಹುದು. ಏಪ್ರಿಲ್-ಮೇ ಸೆಕೆಯಲ್ಲಿ ವಾಂತಿ ಭೇದಿಯಾದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ.

ಲೋಹದ ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರಾಂ ತೆಗೆದುಕೊಳ್ಳುವವರು ಬಸಳೆ ಬಿಡಬೇಕಾಗಿಲ್ಲ. ವಾರಕ್ಕೆ ಎರಡು ಸಲ ತಿನ್ನುವವರು ಎರಡೇ ಸಲ ತಿನ್ನಿ. ಆಟಿ ಎಂಬ ಮಳೆಗಾಲದ ತಿಂಗಳಲ್ಲಿ ಒಮ್ಮೆಲೇ ದಿನವೂ ಸೊಪ್ಪು, ಪತ್ರೊಡೆ ಶುರುಮಾಡಿದರೆ ಐಎನ್‌ಆರ್ ಕೆಳಗಿಳಿಯುತ್ತದೆ.

ಹಲ್ಲು ಕೀಳಿಸುವಾಗ ಅಮೋಕ್ಸಿಸಿಲಿನ್ 2 ಗ್ರಾಂ, ಅಂದರೆ 500ರ ನಾಲ್ಕು ಕ್ಯಾಪ್ಸೂಲ್, 30ರಿಂದ 60 ನಿಮಿಷ ಮೊದಲು. ಇದು ಎಲ್ಲರಿಗೂ ಬೇಡ. ಕೃತಕ ಕವಾಟ ಇದ್ದವರು, ಹಿಂದೆ ಹೃದಯದೊಳಗೆ ಸೋಂಕು ಆಗಿದ್ದವರು, ನೀಲಿ ಉಳಿದವರು, ಪ್ಯಾಚ್ ಹಾಕಿ 6 ತಿಂಗಳಾಗದವರು, ಪ್ಯಾಚಿನ ಬದಿಯಲ್ಲಿ ಇನ್ನೂ ಸೋರುವವರು ತೆಗೆದುಕೊಳ್ಳಬೇಕು. ಪೆನ್ಸಿಲಿನ್ ಅಲರ್ಜಿ ಇದ್ದರೆ ಅಜಿತ್ರೋಮೈಸಿನ್ 500 ಮಿ.ಗ್ರಾಂ.

ಮದುವೆಯ ಮಾತು ಬಂದಾಗಲೇ ಬಸುರಿನ ವಿಷಯ ಮಾತಾಡಬೇಕು, ಹುಡುಗಿಯ ಹತ್ತಿರ ಒಬ್ಬಳೇ ಇರುವಾಗ. ಫ್ಯಾಲೋ ಸರಿಯಾಗಿ ಆದ ಹೆಚ್ಚಿನವರು ಹೆರಬಲ್ಲರು. ಐಸೆನ್‌ಮೆಂಗರ್ (ಮುಚ್ಚದ ಒಟ್ಟೆಯಿಂದ ಶ್ವಾಸಕೋಶದ ಒತ್ತಡ ಏರಿ ರಕ್ತ ತಿರುಗುಮುರುಗಾಗಿ ಹರಿಯುವುದು) ಆದವರಿಗೆ ಬಸುರು ಜೀವಕ್ಕೇ ಅಪಾಯ. ಈಸ್ಟ್ರೋಜನ್ ಇರುವ ಮಾತ್ರೆಯೂ ಅವರಿಗೆ ಆಗದು, ರಕ್ತ ಹೆಪ್ಪುಗಟ್ಟುತ್ತದೆ. ವಾರ್ಫರಿನ್ ಮೇಲೆ ಇರುವವರು ಮುಟ್ಟು ತಪ್ಪಿದ ವಾರವೇ ಬರಬೇಕು. ಮಗುವಿಗೆ ಅಪಾಯದ ಹೊತ್ತು 6ರಿಂದ 12 ವಾರ.

ಎಲ್ಲರ ಪರ್ಸಿನಲ್ಲೂ ಒಂದು ಕಾರ್ಡು ಇಡಿಸುತ್ತೇನೆ. ಕಾಯಿಲೆಯ ಹೆಸರು, ಆಪರೇಷನ್ ಆದ ವರ್ಷ, ಬಿ.ಪಿ. ನೋಡಬೇಕಾದ ಕೈ, ಮಾಮೂಲಿ ಆಕ್ಸಿಜನ್ ಎಷ್ಟು. ಕೊನೆಯದು ದಪ್ಪ ಅಕ್ಷರದಲ್ಲಿ. ಯಾವಾಗಲೂ 82 ಇರುವವರನ್ನು ರಾತ್ರಿ ಎರಡು ಗಂಟೆಗೆ ಪರವೂರಿನ ಕ್ಯಾಶುವಾಲ್ಟಿಯಲ್ಲಿ ನೋಡಿದ ಡಾಕ್ಟರು, ಆ 82ನ್ನೇ ಕಾಯಿಲೆಯೆಂದು ಹಿಡಿದು ವೆಂಟಿಲೇಟರ್ ಹಾಕಲು ಹೊರಡಬಾರದು.