ತುಟಿಯಂಚಿನ ಜ್ವರಗುಳ್ಳೆ: ಚುಮುಚುಮು ಎಂದ ದಿನವೇ ಔಷಧಿ

ಅಡಿಕೆ ಸುಲಿಯುವ ಕಾಲ ಬಂತೆಂದರೆ ನನ್ನ ಕೆಳತುಟಿಯ ಬಲ ಅಂಚಿಗೆ ಗೊತ್ತಾಗುತ್ತದೆ. ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ನಿದ್ದೆಗೆಟ್ಟು, ಹಗಲು ಚಪ್ಪರದ ಮೇಲೆ ಬೆಂದ ಅಡಿಕೆ ಹರವುತ್ತ ಎರಡು ವಾರ ಕಳೆದಿರುತ್ತದೆ, ಒಂದು ಬೆಳಿಗ್ಗೆ ಆ ಜಾಗ ಚುಮುಚುಮು ಎನ್ನುತ್ತದೆ. ಮರುದಿನ ಅಲ್ಲಿ ಸಾಸಿವೆಕಾಳಿನಷ್ಟು ದೊಡ್ಡ ನಾಲ್ಕೈದು ನೀರುಗುಳ್ಳೆಗಳ ಗೊಂಚಲು. ‘ಉಷ್ಣವಾಗಿದೆ, ಎಳನೀರು ಕುಡಿ’ ಎನ್ನುವವರು ಅರ್ಧ ಜನ. ‘ಮಲಗಿದ್ದಾಗ ಜೇಡ ಹರಿದಿರಬೇಕು’ ಎನ್ನುವವರು ಉಳಿದರ್ಧ.

ಎಳನೀರು ಕುಡಿಯಲು ನನ್ನ ಅಡ್ಡಿಯಿಲ್ಲ. ಆದರೆ ಇದು ಉಷ್ಣದ್ದೂ ಅಲ್ಲ, ಜೇಡದ್ದೂ ಅಲ್ಲ. ಇದಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್, ಸಾಮಾನ್ಯವಾಗಿ ಅದರ ಒಂದನೇ ಬಗೆ. ಹೆಸರು ಕೇಳಿ ನಾಚಿಕೊಳ್ಳಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಪ್ರತಿ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಇದು ಇದೆ. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ, ಮನೆಯವರ ಎಂಜಲಿನಿಂದಲೋ ಮುತ್ತಿನಿಂದಲೋ ಬಂದಿರುತ್ತದೆ. ಬಂದದ್ದು ಹೋಗುವುದಿಲ್ಲ. ತಲೆಬುರುಡೆಯ ತಳದಲ್ಲಿರುವ ನರಗಂಟಿನಲ್ಲಿ ಮಲಗಿದ್ದು, ಜ್ವರ, ನೆಗಡಿ, ಬಿಸಿಲು, ನಿದ್ದೆಗೇಡು, ಮುಟ್ಟು, ಮನಸ್ಸಿನ ಒತ್ತಡ, ತುಟಿಗಾದ ಗಾಯ ಇವುಗಳಲ್ಲಿ ಯಾವುದಾದರೂ ಒಂದು ಎಬ್ಬಿಸಿದಾಗ ಅದೇ ನರದ ದಾರಿಯಲ್ಲಿ ಇಳಿದು ಬರುತ್ತದೆ. ಗುಳ್ಳೆ ಪ್ರತಿ ಸಲ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಏಳುವುದು ಇದೇ ಕಾರಣಕ್ಕೆ.

ಮೊದಲು, ಇದು ಅದೇ ಹೌದೇ ನೋಡಿಕೊಳ್ಳಿ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಬಿಳಿಯಾಗಿ ಏಳುವುದು ಬಾಯಿಹುಣ್ಣು, ಅದು ಅಂಟುವುದಿಲ್ಲ. ಬಾಯಿಯ ಎರಡೂ ಮೂಲೆ ಸೀಳಿ ಉರಿಯುವುದು ಬೇರೆಯದು. ಅದರ ಹಿಂದೆ ಶಿಲೀಂಧ್ರವೋ ಕಬ್ಬಿಣಾಂಶದ ಅಥವಾ ಬಿ ವಿಟಮಿನ್ನಿನ ಕೊರತೆಯೋ ಇರಬಹುದು. ಮೂರಕ್ಕೂ ಒಂದೇ ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗುವುದು ನಮ್ಮ ಕಡೆಯ ಹಳೆಯ ಅಭ್ಯಾಸ. ಜ್ವರಗುಳ್ಳೆಗೆ ಅದರಿಂದ ಏನೂ ಆಗದು.

ಚುಮುಚುಮು ಎಂದ ಕೂಡಲೇ ಔಷಧಿ. ನಾವು ಎಡವುವುದು ಇಲ್ಲಿಯೇ. ಅಸೈಕ್ಲೋವಿರ್ ಎಂಬ ಔಷಧಿ ವೈರಸ್ ತನ್ನ ನಕಲುಗಳನ್ನು ಮಾಡಿಕೊಳ್ಳದಂತೆ ತಡೆಯುತ್ತದೆ. ಗುಳ್ಳೆ ಎದ್ದು, ಒಡೆದು, ಹೊಪ್ಪಳೆ ಕಟ್ಟುವ ಹೊತ್ತಿಗೆ ನಕಲಿನ ಕೆಲಸ ಬಹುಪಾಲು ಮುಗಿದಿರುತ್ತದೆ. ಆಮೇಲೆ ಹಚ್ಚಿದರೆ ಮುಲಾಮು ದಂಡ. ಚರ್ಮ ಚುಮುಗುಟ್ಟಲು ಅಥವಾ ಬಿಗಿಯಲು ಶುರುವಾದ ಗಳಿಗೆಯಿಂದ, ಶೇ 5ರ ಅಸೈಕ್ಲೋವಿರ್ ಮುಲಾಮನ್ನು ಎಚ್ಚರವಿರುವಾಗ ನಾಲ್ಕು ಗಂಟೆಗೊಮ್ಮೆ, ದಿನಕ್ಕೆ ಐದು ಸಲ, ನಾಲ್ಕೈದು ದಿನ ತೆಳುವಾಗಿ ಹಚ್ಚಬೇಕು. ಉಜ್ಜಬಾರದು. ಹಚ್ಚುವ ಮುಂಚೆ ಒಮ್ಮೆ, ಹಚ್ಚಿದ ಮೇಲೆ ಒಮ್ಮೆ ಸೋಪಿನಿಂದ ಕೈ ತೊಳೆಯಬೇಕು.

ಇದು ಪವಾಡವಲ್ಲ ಎಂದು ಹೇಳಿಬಿಡುತ್ತೇನೆ. ಏಳರಿಂದ ಹತ್ತು ದಿನ ಹಿಡಿಯುವ ಕಾಟ ಅರ್ಧ ದಿನವೋ ಒಂದು ದಿನವೋ ಬೇಗ ಮುಗಿಯುತ್ತದೆ, ಅಷ್ಟೇ. ಪದೇ ಪದೇ ಬರುವವರಿಗೆ, ಜೋರಾಗಿ ಏಳುವವರಿಗೆ ಮಾತ್ರೆ ಮೇಲು. ವಯಸ್ಕರಿಗೆ ವಾಲಾಸೈಕ್ಲೋವಿರ್ ಅನ್ನು ಹನ್ನೆರಡು ಗಂಟೆಯ ಅಂತರದಲ್ಲಿ ಎರಡೇ ಸಲ, ಒಂದೇ ದಿನ ಕೊಡುವ ಕ್ರಮವಿದೆ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಅದನ್ನು ಕಡಿಮೆ ಮಾಡಬೇಕಾಗುತ್ತದೆ.

ಇನ್ನು ಮಲೆನಾಡಿನ ಕಷ್ಟ. ಹೊಸನಗರದ ಆಚೆಯದೋ ಆಗುಂಬೆಯ ಬದಿಯದೋ ಒಂಟಿಮನೆಯಲ್ಲಿ ತುಟಿ ಚುಮುಗುಟ್ಟಿದರೆ, ಜುಲೈ ಮಳೆಯಲ್ಲಿ ಬಸ್ಸು ಹಿಡಿದು ಪೇಟೆಯ ಔಷಧಿ ಅಂಗಡಿ ಮುಟ್ಟುವಷ್ಟರಲ್ಲಿ ಗುಳ್ಳೆ ಒಡೆದೇ ಹೋಗಿರುತ್ತದೆ. ಆದ್ದರಿಂದ ಗುಳ್ಳೆ ಇಲ್ಲದ ದಿನ, ಬೇರೆ ಕೆಲಸಕ್ಕೆ ಹೋದಾಗಲೇ ವೈದ್ಯರಿಂದ ಚೀಟಿ ಬರೆಸಿ ಒಂದು ಟ್ಯೂಬನ್ನು ತಂದು ಇಟ್ಟುಕೊಳ್ಳಿ. ಅವಧಿ ಮುಗಿಯುವ ತಾರೀಖು ನೋಡಿ.

ಚೀಟಿಯಿಲ್ಲದೆ ಹೋದರೆ ಏನಾಗುತ್ತದೆ ಎಂಬುದು ನನ್ನದೇ ಕಥೆ. ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ ‘ತುಟಿಗೆ ಏನಾದರೂ ಕೊಡಿ’ ಎಂದೆ. ಕೊಟ್ಟದ್ದು ಸ್ಟಿರಾಯ್ಡ್ ಬೆರೆತ ಮುಲಾಮು. ಎರಡು ದಿನ ಕೆಂಪು ಇಳಿದಂತಾಗಿ, ಮೂರನೆಯ ದಿನ ಗುಳ್ಳೆ ಗಲ್ಲದವರೆಗೆ ಹರಡಿತು. ಬರೀ ಸ್ಟಿರಾಯ್ಡ್ ಮುಲಾಮು ಅಲ್ಲಿನ ರೋಗನಿರೋಧವನ್ನು ಕುಗ್ಗಿಸಿ ವೈರಸ್‌ಗೇ ಅನುಕೂಲ ಮಾಡಿಕೊಡುತ್ತದೆ.

ನೋವಿಗೆ, ಒಣಗುವಿಕೆಗೆ. ತಣ್ಣೀರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ. ನೋವು ಹೆಚ್ಚಿದ್ದರೆ ಪ್ಯಾರಾಸಿಟಮಾಲ್. ಅಪ್ಪೆಮಿಡಿ ಉಪ್ಪಿನಕಾಯಿಯಿಂದ ಒಂದು ವಾರ ದೂರವಿರುವುದು ಕಷ್ಟವೇ. ಗಂಜಿ, ಒಂದೆಲಗದ ತಂಬುಳಿಯಲ್ಲಿ ಸುಧಾರಿಸಿ. ಹೊಪ್ಪಳೆ ಬಿರಿಯದಂತೆ ಮುರುಗಲ ತುಪ್ಪ ಅಥವಾ ವ್ಯಾಸಲೀನ್ ಹಚ್ಚಬಹುದು. ಮುರುಗಲ ತುಪ್ಪ ವೈರಸ್ಸನ್ನು ಕೊಲ್ಲುವುದಿಲ್ಲ, ಚರ್ಮವನ್ನು ಮೆದುವಾಗಿಡುತ್ತದೆ. ಅದರಿಂದ ಅಷ್ಟು ಕೆಲಸವಾದರೆ ಸಾಕು. ಸುಣ್ಣ, ಟೂತ್‌ಪೇಸ್ಟ್ ಮಾತ್ರ ಬೇಡವೇ ಬೇಡ, ಚರ್ಮ ಸುಡುತ್ತದೆ. ಹೊಪ್ಪಳೆ ಕೀಳಬೇಡಿ.

ಬೇರೆಯವರಿಗೆ ಅಂಟಿಸಬೇಡಿ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಿರಿ ಎಂದು ಬೈಯುತ್ತಿದ್ದ ಅಜ್ಜಿಯ ಎಂಜಲಿನ ಲೆಕ್ಕ ಈ ವಿಷಯದಲ್ಲಿ ಪೂರಾ ಸರಿ. ಹೊಪ್ಪಳೆ ಉದುರಿ ಹೊಸ ಚರ್ಮ ಬರುವವರೆಗೆ ಲೋಟ, ಚಮಚ, ಟವೆಲ್ ನಿಮ್ಮದು ನಿಮಗೆ. ತುಟಿಗುಳ್ಳೆಯ ಬಾಯಿಯಿಂದ ಹಸುಗೂಸಿಗೆ ಮುತ್ತು ಕೊಡಲೇಬಾರದು. ಹುಟ್ಟಿ ಕೆಲವೇ ವಾರವಾದ ಮಗುವಿನಲ್ಲಿ ಈ ವೈರಸ್ ಮಿದುಳಿಗೆ ಹಬ್ಬಿ ಜೀವಕ್ಕೇ ಕುತ್ತಾಗಬಹುದು. ಬಾಣಂತಿಯನ್ನು ನೋಡಲು ಹೋಗುವ ದಿನ ತುಟಿ ಚುಮುಗುಟ್ಟಿದರೆ ಆ ಭೇಟಿಯನ್ನೇ ಮುಂದೂಡಿ. ನೆಂಟರು ಏನೆಂದುಕೊಂಡರೂ ಸರಿ.

ಗುಳ್ಳೆ ಮುಟ್ಟಿದ ಕೈಯಿಂದ ಕಣ್ಣು ಉಜ್ಜಬಾರದು. ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ಚುಚ್ಚಿ, ದೃಷ್ಟಿ ಮಂಜಾದರೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಹತ್ತಿರ ಯಾರೂ ಇಲ್ಲದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಎರಡು ವಾರವಾದರೂ ಮಾಯದ ಗುಳ್ಳೆ, ಇಸುಬು ಇರುವ ಚರ್ಮಕ್ಕೆ ಹರಡಿದ ಗುಳ್ಳೆ, ಬಾಯಿತುಂಬ ಹುಣ್ಣಾಗಿ ನೀರೂ ಕುಡಿಯದ ಮಗು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು: ಇವರೂ ಕಾಯಬಾರದು. ಮತ್ತೊಂದು ಮಾತು. ಜ್ವರ ಬಂದು ತುಟಿ ಒಡೆದರೆ ‘ಜ್ವರ ಹೊರಬಿತ್ತು’ ಎಂದು ಸಮಾಧಾನಪಡುವ ರೂಢಿಯಿದೆ. ಡಿಸೆಂಬರಿನಿಂದ ಮೇವರೆಗೆ ಮಂಗನಕಾಯಿಲೆಯ ಕಾಲ. ಕಾಡಿನ ಅಂಚಿನ ಊರಿನಲ್ಲಿ ಈ ಹೊತ್ತಿನಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ತುಟಿಯನ್ನು ಬಿಟ್ಟು ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿ.

ಮತ್ತೆ ಬಾರದಂತೆ. ನಿಮ್ಮದನ್ನು ಎಬ್ಬಿಸುವುದು ಯಾವುದು ಎಂದು ಪತ್ತೆಮಾಡಿ. ಗುಳ್ಳೆ ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಒಂದೆರಡು ವರ್ಷದಲ್ಲಿ ಲೆಕ್ಕ ಸಿಗುತ್ತದೆ. ಬಿಸಿಲಿನವರಿಗೆ ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 30ರ ತುಟಿ ಮುಲಾಮು. ವರ್ಷಕ್ಕೆ ಆರಕ್ಕಿಂತ ಹೆಚ್ಚು ಸಲ ಬರುವವರಿಗೆ ವೈದ್ಯರು ಕೆಲವು ತಿಂಗಳು ದಿನಕ್ಕೊಂದು ಮಾತ್ರೆ ಕೊಡುವುದುಂಟು.

ನನ್ನ ಕ್ಯಾಲೆಂಡರಿನ ಗುರುತುಗಳೆಲ್ಲ ಸುಗ್ಗಿಯವೇ. ಹೋದ ವರ್ಷ ಟೋಪಿ ಹಾಕಿ ಚಪ್ಪರ ಹತ್ತಿದೆ, ರಾತ್ರಿ ಹತ್ತಕ್ಕೆ ಮೆಟ್ಟುಗತ್ತಿಯಿಂದ ಎದ್ದೆ. ಸುಲಿಯುವವರು ‘ಸಾಹೇಬರು’ ಎಂದು ಹೆಸರಿಟ್ಟರು. ಗುಳ್ಳೆ ಬಂದದ್ದು ಒಂದೇ ಸಲ, ಅದೂ ಟೋಪಿ ಮರೆತ ವಾರ.